ಮಣ್ಣಿಗೆ ಹೋಗಿ ಬಂದ ಡಬ್ಬಿ

ನಾನು ವೈದ್ಯೆಯಲ್ಲ. ಮಾನ್ವಿಯ ಒಂದು ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿಗಳ ವರ್ಗಾವಣೆ ಪತ್ರಗಳನ್ನು ಸಿದ್ಧಪಡಿಸುವ ಗುಮಾಸ್ತೆ. ಹೆಸರಿನಲ್ಲಿ ಒಂದು ದೀರ್ಘ ತಪ್ಪಿದರೂ ಪತ್ರವನ್ನು ಹರಿದು ಮತ್ತೆ ಬರೆಯುವುದು ನನ್ನ ಅಭ್ಯಾಸ. ಹೀಗಾಗಿ ನನ್ನ ಕಾಯಿಲೆಯ ಬಗ್ಗೆ ಬರೆಯಲು ಕುಳಿತಾಗಲೂ ಮೊದಲು ಬಂದದ್ದು ಕಾಯಿಲೆಯ ಭಯವಲ್ಲ, ಎಲ್ಲಿ ಏನು ತಪ್ಪು ಬರೆದುಬಿಡುವೆನೋ ಎಂಬ ಭಯ. ನನಗೆ ವೈದ್ಯರು ಹೇಳಿದ್ದರಲ್ಲಿ ನಾನು ಅರ್ಥಮಾಡಿಕೊಂಡಷ್ಟೇ ಇಲ್ಲಿದೆ. ಓದುವವರು ತಮ್ಮ ಚಿಕಿತ್ಸೆಯ ವಿಷಯವನ್ನು ತಮ್ಮ ವೈದ್ಯರಲ್ಲೇ ಕೇಳಬೇಕು. ನಾನು ಹೇಳಬಲ್ಲದ್ದು ಕಾಯುವುದರ ಬಗ್ಗೆ, ದಣಿವಿನ ಬಗ್ಗೆ ಮತ್ತು ಒಂದು ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ.

ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ಊರು ನನ್ನ ತವರು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ತೀರಿಕೊಂಡ ಮೇಲೆ ಅವ್ವ ಹುಲಿಗೆಮ್ಮ ಒಬ್ಬಳೇ ಕುರಿಗಳನ್ನು ನೋಡಿಕೊಂಡಿದ್ದಾಳೆ. ಆ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ನಾನು ಊರಿಗೆ ಹೋದ ದಿನ ಓಣಿಯವರ ಕಾಗದಗಳೆಲ್ಲ ನನ್ನ ಮುಂದೆ ಬಂದು ಬೀಳುತ್ತವೆ. ಪಿಂಚಣಿಯ ಪತ್ರ, ಬ್ಯಾಂಕಿನ ನೋಟೀಸು, ಆಸ್ಪತ್ರೆಯ ಚೀಟಿ. "ರೇಣುಕಾ ಬಂದಾಳ, ಓದಿ ಹೇಳ್ತಾಳ" ಎನ್ನುವಾಗ ಅವ್ವನ ದನಿಯಲ್ಲಿ ಒಂದು ಹೆಮ್ಮೆಯಿರುತ್ತದೆ. ಎಲ್ಲರ ಕಾಗದವನ್ನೂ ನಾನು ಕೊನೆಯ ಸಾಲಿನವರೆಗೆ ಓದಿ ಹೇಳಿದ್ದೇನೆ. ನನ್ನದನ್ನು ಮಾತ್ರ ಓದಿ ಹೇಳಲಿಲ್ಲ.

ಎಡ ಎದೆಯಲ್ಲಿದ್ದ ಗಡ್ಡೆಯಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದಾಗ ಅದು ಕ್ಯಾನ್ಸರ್ ಎಂದು ಬಂತು. ನಮ್ಮ ಯಜಮಾನರಿಗೆ ಹೇಳಿದೆ. ಅವರು ಬಸ್ ಕಂಡಕ್ಟರ್. ಆ ದಿನ ಡ್ಯೂಟಿಗೆ ಹೋಗದೆ ಮನೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತರು. ಅವ್ವನಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ: "ಏನಿಲ್ಲವ್ವ. ಒಂದು ಗಂಟಾಗ್ಯಾದ. ಗುಳಿಗಿ, ಸಲೈನು ಕೊಡ್ತಾರ, ಆಮ್ಯಾಲೆ ತಗೀತಾರ."

"ನೋವದನು?"

"ಇಲ್ಲ."

"ನೋವಿಲ್ಲದ ಗಂಟು ಯಾಕ ತಗೀತಾರ?"

ಕಚೇರಿಯಲ್ಲಿ ಕೆಲಸವಿದೆ ಎಂದು ಫೋನು ಇಟ್ಟೆ. ಅವಳನ್ನು ಭಯದಿಂದ ಉಳಿಸುತ್ತಿದ್ದೇನೆ ಎಂದು ಆಗ ನಂಬಿದ್ದೆ. ಈಗ ಯೋಚಿಸಿದರೆ, ಆ ಪದವನ್ನು ಅವ್ವನ ಎದುರು ಉಚ್ಚರಿಸುವ ಧೈರ್ಯ ನನ್ನಲ್ಲೇ ಇರಲಿಲ್ಲ.

ಆ ವರದಿಯಲ್ಲಿ ಒಂದು ಸಾಲಿಗೆ ವೈದ್ಯರು ಪೆನ್ನಿನಿಂದ ಸುತ್ತು ಹಾಕಿದ್ದರು. ಹಾರ್ಮೋನ್ ರಿಸೆಪ್ಟರ್ ಎಂಬ ಸಾಲು. ಮೈಯಲ್ಲಿ ತಾನಾಗಿ ಹರಿಯುವ ಹಾರ್ಮೋನನ್ನು ಹಿಡಿದುಕೊಳ್ಳುವ ಗುರುತುಗಳು ಆ ಗಡ್ಡೆಯಲ್ಲಿವೆಯೇ ಎಂದು ನೋಡುವ ಪರೀಕ್ಷೆ ಅದು. ನನ್ನದರಲ್ಲಿ ಅವು ಕಂಡೂ ಕಾಣದಷ್ಟು ಇದ್ದವು.

"ಇದನ್ನ ನೋಡಿ ಹೌದು ಅನ್ನಾಕೂ ಬರಂಗಿಲ್ಲ, ಇಲ್ಲ ಅನ್ನಾಕೂ ಬರಂಗಿಲ್ಲ" ಎಂದರು ವೈದ್ಯರು. ಅವರು ರಾಯಚೂರಿನವರೇ, ವಯಸ್ಸಾದವರು. "ಮೊದಲು ಕೀಮೋ ಕೊಡೋಣ, ಆಮೇಲೆ ಆಪರೇಷನ್. ತಗದದ್ದನ್ನ ಮತ್ತೊಮ್ಮೆ ಪರೀಕ್ಷಾ ಮಾಡಸೋಣ. ಎಷ್ಟು ಉಳದದ, ಉಳದದ್ದರಾಗ ರಿಸೆಪ್ಟರ್ ಅದಾವೋ ಇಲ್ಲೋ, ಅದರ ಮ್ಯಾಲೆ ಮುಂದಿನ ದಾರಿ."

ರಿಸೆಪ್ಟರ್ ಇದ್ದರೆ ಹಲವು ವರ್ಷ ನುಂಗುವ ಒಂದು ಗುಳಿಗೆ ಇದೆ, ಅದು ಗಡ್ಡೆ ಮರಳಿ ಬಾರದಂತೆ ಕಾಯುತ್ತದೆ. ಇಲ್ಲವಾದರೆ ಆ ಬಾಗಿಲು ಮುಚ್ಚಿದಂತೆ ಎಂದು ನಾನು ತಿಳಿದುಕೊಂಡೆ. ಕೀಮೋದ ತಿಂಗಳುಗಳನ್ನೆಲ್ಲ ನಾನು ಆ ಎರಡನೆಯ ವರದಿಗಾಗಿಯೇ ಕಳೆದೆ.

ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ದಣಿವನ್ನು ವರ್ಣಿಸುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಆಗ ಅದು ಇರಲಿಲ್ಲ, ಹೀಗಾಗಿ ನೆನಪೂ ಸರಿಯಾಗಿ ಉಳಿದಿಲ್ಲ. ಮಾನ್ವಿಯಿಂದ ರಾಯಚೂರಿಗೆ ಬಸ್ಸು. ಕಿಟಕಿಯ ಸರಳಿಗೆ ಹಣೆ ಹಚ್ಚಿ ಕುಳಿತುಕೊಳ್ಳುವುದು. ಬಾಯಲ್ಲಿ ಕಬ್ಬಿಣದ ರುಚಿ. ನೀರು ಕುಡಿಯಲು ಎದ್ದವಳು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಯಾಕೆ ಎದ್ದೆನೆಂದು ಮರೆಯುವುದು.

ಸರದಿಗಾಗಿ ಕಾಯುವ ಕೋಣೆಯಲ್ಲಿ ಮಟಮಾರಿಯ ಈರಮ್ಮನ ಪರಿಚಯವಾಯಿತು. ನನಗಿಂತ ಹತ್ತು ವರ್ಷ ದೊಡ್ಡವಳು, ಅದೇ ಕಾಯಿಲೆ, ಅದೇ ದಿನದ ಸರದಿ. ಸೆರಗು ಸರಿಸಿ ಬೋಳು ತಲೆಯನ್ನು ಎಲ್ಲರಿಗೂ ತೋರಿಸುತ್ತಿದ್ದಳು. "ನೋಡ್ರಿ, ತಿರುಪತಿ ರೈಲು ಹತ್ತಲಾರದನ ಮುಡಿ ಕೊಟ್ಟು ಬಂದೀನಿ." ನಾನು ಸ್ಕಾರ್ಫನ್ನು ಕಿವಿಯವರೆಗೆ ಎಳೆದುಕೊಂಡರೆ, "ಯಾಕ ಬೇ, ಕಳ್ಳತನ ಮಾಡಿಯೇನು, ಮುಚ್ಕೊಳ್ಳಾಕ?" ಎನ್ನುತ್ತಿದ್ದಳು. ಅವಳ ಪಕ್ಕದ ಕುರ್ಚಿ ಸಿಕ್ಕ ದಿನ ಸಲೈನಿನ ಬಾಟಲಿ ಬೇಗ ಇಳಿದಂತೆ ಅನ್ನಿಸುತ್ತಿತ್ತು.

ಕೂದಲು ಉದುರಲು ತೊಡಗಿದ ವಾರ ಅವ್ವ ಮಾನ್ವಿಗೆ ಬಂದಿದ್ದಳು. ಏನೂ ಕೇಳಲಿಲ್ಲ. ದಿಂಬಿನ ಮೇಲೆ, ಬಚ್ಚಲಿನಲ್ಲಿ ಉದುರಿದ್ದನ್ನೆಲ್ಲ ಆರಿಸಿ ಒಂದು ಗಂಟು ಮಾಡಿ ಕಟ್ಟಿಟ್ಟಳು. ಓಣಿಯಲ್ಲಿ ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವವನು ಬಂದು ಇಣುಕಿದಾಗ, "ಹೋಗಲೇ, ನನ್ನ ಮಗಳ ಕೂದಲಕ್ಕ ನಿನ್ನ ಗಾಡಿಯಾಗಿನ ಭಾಂಡಿ ಸಾಲಂಗಿಲ್ಲ" ಎಂದು ಗದರಿ ಕಳಿಸಿದಳು. ಆ ಗಂಟನ್ನು ಊರಿಗೆ ಒಯ್ದಳು. ಮೈಯಿಂದ ಬೇರೆಯಾದದ್ದನ್ನು ಕಂಡಲ್ಲಿ ಬಿಡಬಾರದು ಎಂಬುದು ನಮ್ಮಲ್ಲಿ ಹಿರಿಯರ ಮಾತು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಆಪರೇಷನ್ ನಡೆದದ್ದು ಒಂದು ಮಂಗಳವಾರ ಬೆಳಿಗ್ಗೆ, ರಾಯಚೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ. ಎಡ ಎದೆಯನ್ನು ಪೂರ್ತಿ ತೆಗೆದರು. ಆಸ್ಪತ್ರೆಯೊಳಗೆ ಲ್ಯಾಬ್ ಇರಲಿಲ್ಲ. ತೆಗೆದದ್ದನ್ನು ಔಷಧದ ನೀರಿನಲ್ಲಿ ಮುಳುಗಿಸಿ, ಡಬ್ಬಿಯ ಮುಚ್ಚಳ ಬಿಗಿದು, ಚೀಟಿಯೊಂದಿಗೆ ರೋಗಿಯ ಕಡೆಯವರ ಕೈಗೆ ಕೊಡುವುದು ಅಲ್ಲಿನ ರೂಢಿ. ಅವರು ಎರಡು ಬೀದಿ ಆಚೆಯ ಲ್ಯಾಬಿಗೆ ಮುಟ್ಟಿಸಬೇಕು. ನರ್ಸ್ ಹೊರಗೆ ಬಂದಾಗ ನಮ್ಮ ಯಜಮಾನರು ಔಷಧಿ ಅಂಗಡಿಗೆ ಹೋಗಿದ್ದರು, ಊರಿನಿಂದ ಬಂದಿದ್ದ ಅವ್ವ ಒಬ್ಬಳೇ ಇದ್ದಳು. ಮುಂದಿನದನ್ನು ಅವ್ವನೇ ನನಗೆ ಹೇಳಿದ್ದಾಳೆ.

"ರೇಣುಕಾ ಕಡೆಯೋರು ಯಾರ್ರೀ?"

"ನಾನು ಅದೀನ್ರಿ. ಅವ್ವ."

"ಇದನ್ನ ಲ್ಯಾಬಿಗೆ ಕೊಟ್ಟು ಬರ್ರಿ."

"ಏನದ ಯವ್ವಾ ಇದ್ರಾಗ?"

"ನಿಮ್ಮ ಮಗಳದು ತಗದದ್ದು."

ಡಬ್ಬಿ ಬೆಚ್ಚಗಿದ್ದಂತೆ ಅವ್ವನಿಗೆ ಅನ್ನಿಸಿತಂತೆ. ಗಂಟು ಎಂದರೆ ಗಜ್ಜುಗದಷ್ಟು ಇರುತ್ತದೆ ಎಂದುಕೊಂಡಿದ್ದವಳು ಅದರ ಭಾರಕ್ಕೆ ಬೆದರಿದಳು. ಬೆಳಕಿಗೆ ಹಿಡಿದು ನೋಡಿದಳು. ಡಬ್ಬಿಯನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದೊಳಗಿಟ್ಟು, ನನ್ನನ್ನು ವಾರ್ಡಿಗೆ ತಂದ ಮೇಲೆ ಆ ಚೀಲವನ್ನು ನನ್ನ ಮಂಚದ ಕೆಳಗೆ ತಳ್ಳಿದಳು. "ಲ್ಯಾಬಿಗೆ ಕೊಟ್ಟದ್ದಾತೇನು?" ಎಂದು ಯಜಮಾನರು ಕೇಳಿದಾಗ ತಲೆಯಾಡಿಸಿದಳು. ಬುಧವಾರ ಬೆಳಿಗ್ಗೆ, ಕುರಿಗಳನ್ನು ನೋಡಿ ಬರುತ್ತೇನೆಂದು ದೇವದುರ್ಗದ ಬಸ್ಸು ಹತ್ತಿದಳು. ಸಂಜೆಗೆ ಮರಳಿ ಬಂದಳು. ಅವಳ ಉಗುರುಸಂದಿಯಲ್ಲಿ ಕೆಂಪು ಮಣ್ಣಿತ್ತು. ನಾನು ಅದನ್ನು ನೋಡಿದೆ. ಕೊಟ್ಟಿಗೆ ಬಳಿದಿರಬೇಕು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ವೈದ್ಯರು ವಾರ್ಡಿಗೆ ಬಂದು ಕೇಳಿದರು. "ಲ್ಯಾಬಿಗೆ ಫೋನ್ ಮಾಡಿದ್ದೆ. ನಿಮ್ಮದು ಬಂದೇ ಇಲ್ಲ ಅಂತಾರಲ್ಲ?"

ಯಜಮಾನರು ಅವ್ವನತ್ತ ನೋಡಿದರು. ನಾನೂ ನೋಡಿದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ಮಣ್ಣಿಗೆ ಹಾಕೀನಿ ಯಪ್ಪಾ."

"ಏನಂದ್ರಿ?"

"ಆಕಿ ಹುಟ್ಟಿದಾಗ ಆಕಿ ಮಾಸು ಹುಗದ ಜಾಗಾ ಅದ, ಕೊಟ್ಟಿಗಿ ಹಿಂದ. ಅಲ್ಲೇ ಹುಗದೀನಿ. ಅರಿಶಿಣ, ಉಪ್ಪು ಹಾಕೀನಿ. ನಾಯಿ ಕೆದರಬಾರದಂತ ಕಲ್ಲು ಹೇರೀನಿ."

ಹೆರಿಗೆಯಲ್ಲಿ ಮಗುವಿನ ಹಿಂದೆ ಬರುವ ಮಾಸನ್ನು ಮನೆಯ ಹಿಂದೆ ಹೂಳುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಅವ್ವನಿಗೆ ಇದು ಅದಕ್ಕಿಂತ ಬೇರೆಯಾಗಿ ಕಾಣಲಿಲ್ಲ. ವೈದ್ಯರು ಬಯ್ಯಲಿಲ್ಲ. ಪಕ್ಕದ ಸ್ಟೂಲನ್ನು ಎಳೆದುಕೊಂಡು ಕುಳಿತರು.

"ಮುಚ್ಚಳ ತಗದೀರೇನಮ್ಮಾ?"

"ಎಲ್ಲೀದು ಯಪ್ಪಾ. ಅದರ ಗಾಟು ಮುಚ್ಚಿದ್ರೂ ಕಣ್ಣಾಗ ಹೊಡಿತಿತ್ತು. ಅರಿವಿ ಸುತ್ತಿ ಡಬ್ಬಿ ಸಮೇತ ಇಟ್ಟೀನಿ."

"ಛಲೋ ಮಾಡೀರಿ." ಅವರು ನನ್ನತ್ತ ತಿರುಗಿ ವಿವರಿಸಿದರು. ಡಬ್ಬಿಯ ಔಷಧದ ನೀರಿನಲ್ಲಿ ಮೂರು ದಿನದವರೆಗೆ ಇದ್ದರೆ ಪರೀಕ್ಷೆಯನ್ನು ನಂಬಬಹುದು. ಆ ಮೇಲೆ ರಿಸೆಪ್ಟರ್ ಇದ್ದರೂ ಇಲ್ಲವೆಂದು ತೋರಿಸಬಹುದು. ಈಗಾಗಲೇ ಎರಡು ದಿನ ಕಳೆದಿವೆ. "ಇವತ್ತು ಸಂಜಿಯೊಳಗ ಲ್ಯಾಬಿನಾಗ ಇರಬೇಕು" ಎಂದು ಹೇಳಿ ಎದ್ದು ಹೋದರು.

ಯಜಮಾನರು ಎಂದೂ ಅವ್ವನಿಗೆ ಎದುರಾಡಿದವರಲ್ಲ. ಆ ದಿನ ದನಿ ಏರಿತು. "ಏನ್ ಮಾಡಿಬಿಟ್ರಿ ಅತ್ತೀ! ಓದಿದಾಕಿನ ಹಡದೀರಿ, ಇಷ್ಟು ತಿಳಿಬಾರದೇನು?"

"ಓದಿದಾಕಿ ನನಗ ಹೇಳಬೇಕಿತ್ತಲ್ಲ" ಎಂದಳು ಅವ್ವ. ಅವರಿಗೆ ಹೇಳಿದಂತಿದ್ದರೂ ನೋಡುತ್ತಿದ್ದದ್ದು ನನ್ನನ್ನು. "ಗಂಟು ಅಂದ್ಲು. ಅರ್ಧ ಎದಿ ಡಬ್ಯಾಗ ಹಾಕಿ ಕೈಯಾಗ ಕೊಟ್ರು. ನಾನೇನು ತಿಳ್ಕೋಬೇಕು?"

ಯಜಮಾನರು ತಾವೇ ಹೋಗಿ ಅಗೆದು ತರುವುದಾಗಿ ಹೇಳಿದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಹುಗದದ್ದನ್ನ ಹೊರಗ ತಗೀಬಾರದು. ಮಣ್ಣಿಗೆ ಕೊಟ್ಟದ್ದು ಕಸಗೊಂಡ್ರ ಅದು ಮತ್ತೊಂದು ಕೇಳ್ತದ. ಏನ್ ಕೊಡ್ತೀರಿ? ಇಕಿನ್ನ ಕೊಡ್ತೀರೇನು?"

ಆಗ ನನಗೆ ಅರ್ಥವಾಯಿತು: ಅವಳೂ ನನ್ನನ್ನು ಉಳಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದಳು. ಅವಳಿಗೆ ಗೊತ್ತಿದ್ದ ಕ್ರಮದಲ್ಲಿ, ಒಂದೂ ತಪ್ಪದಂತೆ.

ಎದೆಯ ಪಟ್ಟಿಯ ನೋವಿಗೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಅವ್ವನನ್ನು ಹತ್ತಿರ ಕೂರಿಸಿಕೊಂಡು, ಆರು ತಿಂಗಳಿಂದ ಹೇಳದೆ ಉಳಿದಿದ್ದ ಪದವನ್ನು ಹೇಳಿದೆ. "ಅವ್ವ, ನನಗ ಆಗಿದ್ದು ಕ್ಯಾನ್ಸರ್."

"ಗೊತ್ತದ" ಎಂದಳು. "ಕೂದಲು ಉದುರಿದ ದಿನಾನ ಗೊತ್ತಾತು. ನೀ ಹೇಳ್ತಿಯೇನೋ ಅಂತ ಕುಂತಿದ್ದೆ."

ಪಕ್ಕದ ಹಾಸಿಗೆಯವರ ಟ್ರಾನ್ಸಿಸ್ಟರಿನಲ್ಲಿ ಹೈದರಾಬಾದಿನ ತೆಲುಗು ವಾರ್ತೆ ಬರುತ್ತಿತ್ತು.

ರಿಸೆಪ್ಟರ್ ಎಂಬುದನ್ನು ಅವ್ವನಿಗೆ ಹೇಗೆ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ವರದಿಯಲ್ಲಿದ್ದ ಒಂದು ಪದವೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಹೀಗೆ ಹೇಳಿದೆ: "ಆ ಗಂಟು ನನ್ನ ಮೈಯಾಗ ಮೇಯ್ತಿತ್ತವ್ವ. ಅದಕ್ಕ ಬಾಯಿ ಅದನೋ ಇಲ್ಲೋ ನೋಡ್ತಾರ. ಬಾಯಿ ಇತ್ತಂದ್ರ, ಮೇವು ಬಂದ್ ಮಾಡೋ ಗುಳಿಗಿ ಅದ. ಎಲ್ಲೆರ ಒಂದು ಕಣ ಉಳದಿದ್ರೂ ಉಪಾಸ ಬಿದ್ದು ಸಾಯ್ತದ. ಬಾಯಿ ಇಲ್ಲಂದ್ರ ಆ ಗುಳಿಗಿ ನನಗ ಉಪಯೋಗ ಇಲ್ಲ. ಅದನ್ನ ನೋಡಬೇಕಂದ್ರ ಆ ಡಬ್ಬಿ ಬೇಕು."

ಅವ್ವ ಬಹಳ ಹೊತ್ತು ಯೋಚಿಸಿದಳು. "ಆ ಗುಳಿಗಿ ಎಷ್ಟು ವರ್ಷ?"

"ಐದು. ಇಲ್ಲಾ ಹತ್ತು."

"ಹತ್ತು ವರ್ಷದ ಗುಳಿಗಿ ಕೊಡ್ತಾರಂದ್ರ, ಹತ್ತು ವರ್ಷ ನೀ ಇರ್ತೀಯಂತ ಅವರಿಗೆ ನಂಬಿಕಿ ಅದ ಅಂದಂಗಾತು." ಎದ್ದು ಸೆರಗು ಸಿಕ್ಕಿಸಿದಳು. "ನಾನು ಹುಗದೀನಿ, ನಾನೇ ತಗೀತೀನಿ. ಅಳಿಯಂದ್ರು ಕೈ ಹಚ್ಚೋದು ಬ್ಯಾಡ."

ಬಸ್ಸಿಗೆ ಕಾಯುವಷ್ಟು ವೇಳೆ ಇರಲಿಲ್ಲ. ಅಳಿಯನ ಎದುರು ಕುರ್ಚಿಯ ಮೇಲೆ ಕೂಡ ಕೂರದ ಅವ್ವ, ಅಂದು ಅವರ ಬೈಕಿನ ಹಿಂದೆ ಕುಳಿತು ರಾಯಚೂರಿನಿಂದ ನಮ್ಮೂರಿಗೆ ಹೋದಳು. ನಡುವೆ ಒಂದು ಚೀಲವನ್ನು ಇಟ್ಟುಕೊಂಡಿದ್ದಳಂತೆ, ಮೈ ತಾಗಬಾರದೆಂದು. "ಗಬ್ಬೂರು ದಾಟೋ ತನಕ ಒಂದು ಮಾತಾಡಲಿಲ್ಲ. ಆಮ್ಯಾಲೆ, ಸಾವಕಾಶ ಹೊಡೀರಿ ಅಳಿಯಂದ್ರ, ನಾನು ಸತ್ರ ಆ ಜಾಗಾ ತೋರಸೋರ್ಯಾರು ಅಂದ್ರು" ಎಂದು ಯಜಮಾನರು ಇಂದಿಗೂ ಹೇಳಿ ನಗುತ್ತಾರೆ.

ಕಲ್ಲು ಸರಿಸಿದಳು, ಕೈಯಿಂದಲೇ ಮಣ್ಣು ತೆಗೆದಳು, ಡಬ್ಬಿಯನ್ನು ಎತ್ತಿ ಸೀರೆಯ ತುಂಡಿನಲ್ಲೇ ಒರೆಸಿದಳು. ಆ ಮೇಲೆ ಒಳಗೆ ಹೋಗಿ ನನ್ನ ಕೂದಲಿನ ಗಂಟನ್ನು ತಂದು ಅದೇ ಕುಳಿಯಲ್ಲಿ ಇಟ್ಟಳು. "ಕುಳಿ ಬರಿದು ಬಿಡಬಾರದು. ಇದೂ ಆಕಿದೇ. ಇದನ್ನ ಇಟ್ಕೊ" ಎಂದು ಮಣ್ಣಿಗೆ ಹೇಳಿ ಮುಚ್ಚಿದಳಂತೆ. ಸಂಜೆ ಐದಕ್ಕೆ ಮುಂಚೆ ಡಬ್ಬಿ ಲ್ಯಾಬಿನ ಮೇಜಿನ ಮೇಲಿತ್ತು. ತಡವಾದದ್ದಕ್ಕೆ ಕಾರಣ ಬರೆಯಿರಿ ಎಂದು ಅಲ್ಲಿಯವರು ಕೇಳಿದಾಗ ಯಜಮಾನರು "ಊರಿಗೆ ಹೋಗಿತ್ತು" ಎಂದಷ್ಟೇ ಬರೆದುಕೊಟ್ಟರು.

ವರದಿಗಾಗಿ ಕಾದ ದಿನಗಳು ಕೀಮೋಗಿಂತ ಉದ್ದವಾಗಿದ್ದವು. ನನ್ನ ಮೌನದಿಂದ ಆ ಪರೀಕ್ಷೆ ಕೆಟ್ಟಿದ್ದರೆ ಎಂಬ ಯೋಚನೆಯನ್ನು ಮಲಗಿದಲ್ಲೂ ಕುಳಿತಲ್ಲೂ ಹೊತ್ತುಕೊಂಡಿದ್ದೆ. ಅವ್ವ ಆ ದಿನಗಳಲ್ಲಿ ನನ್ನ ಜೊತೆಗೇ ಇದ್ದಳು, ನನ್ನ ತೋಳನ್ನು ಎತ್ತಿ ಇಳಿಸುವ ವ್ಯಾಯಾಮ ಮಾಡಿಸುತ್ತಿದ್ದಳು.

ಗಡ್ಡೆ ಬಹುಪಾಲು ಕರಗಿತ್ತು, ಪೂರ್ತಿ ಹೋಗಿರಲಿಲ್ಲ. ಉಳಿದ ಚೂರಿನಲ್ಲಿ ರಿಸೆಪ್ಟರುಗಳು ಮೊದಲ ವರದಿಗಿಂತ ಸ್ಪಷ್ಟವಾಗಿ ಕಂಡಿದ್ದವು. ವೈದ್ಯರು ಎರಡನ್ನೂ ಬಿಡಿಸಿ ಹೇಳಿದರು: ಪೂರ್ತಿ ಹೋಗಿದ್ದರೆ ಇನ್ನೂ ಒಳ್ಳೆಯದಿತ್ತು; ಆದರೆ ಗುಳಿಗೆ ಕೊಡಬಹುದು, ಅದು ದೊಡ್ಡ ಆಸರೆ.

ನನಗೆ ಅಷ್ಟು ಸಾಲಲಿಲ್ಲ. ಕಚೇರಿಯಲ್ಲಿ ಯಾವ ಅರ್ಜಿಗೂ ಉತ್ತರ ಇರುತ್ತದೆ: ಮಂಜೂರು, ಇಲ್ಲವೇ ತಿರಸ್ಕೃತ. "ನಾನು ಉಳಿಯುತ್ತೇನೆಯೇ ಸರ್?" ಎಂದು ಕೇಳಿದೆ. ಅವರು "ನಿಮ್ಮಂಥ ನೂರು ಮಂದಿಯೊಳಗ..." ಎಂದು ಒಂದು ಸಂಖ್ಯೆ ಹೇಳಿದರು. ಆ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮದಲ್ಲ; ನನ್ನದೂ ಹೌದೋ ಅಲ್ಲವೋ ತಿಳಿಯದು.

ಅವ್ವ ನಡುವೆ ಬಾಯಿ ಹಾಕಿದಳು. "ಎಣಸಬ್ಯಾಡ್ರಿ ಯಪ್ಪಾ."

"ಯಾಕಮ್ಮಾ?"

"ನಾವು ಕುರಿ ಎಣಸಂಗಿಲ್ಲ. ಎಣಿಸಿದ್ರ ಕಮ್ಮಿ ಆಗ್ತಾವ. ಸಂಜಿಗೆ ದೊಡ್ಡಿಗೆ ಬಂದಾಗ ಒಂದೊಂದರ ಮಾರಿ ನೋಡ್ತೀವಿ, ಕಣ್ಣು ಮೂಗು ಎಲ್ಲಾ. ಯಾವ್ದು ಬಂದಿಲ್ಲ ಅಂತ ಮಾರಿ ನೋಡಿದ್ರ ತಿಳೀತದ."

ವೈದ್ಯರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಹಂಗಾದ್ರ ಹಂಗೇ ಮಾಡೋಣ. ಮೂರು ತಿಂಗಳಿಗೊಮ್ಮೆ ಬಂದು ಮಾರಿ ತೋರಿಸ್ರಿ."

ಹೊರಡುವಾಗ ಅವ್ವ ಡಬ್ಬಿಯನ್ನು ಮರಳಿ ಕೇಳಿದಳು. ಅದರೊಳಗಿನ ಹೆಚ್ಚಿನ ಭಾಗವನ್ನು ಆಸ್ಪತ್ರೆಯ ನಿಯಮದಂತೆ ಸುಟ್ಟಿದ್ದಾರೆ, ಚಿಕ್ಕ ಚೂರುಗಳನ್ನು ಮೇಣದಲ್ಲಿ ಹಾಕಿ ಲ್ಯಾಬಿನಲ್ಲಿ ವರ್ಷಗಟ್ಟಲೆ ಇಡುತ್ತಾರೆ, ಮುಂದೆ ಬೇಕಾಗಬಹುದು ಎಂದು ವೈದ್ಯರು ವಿವರಿಸಿದರು. ಅವ್ವನಿಗೆ ಅದು ಹಿಡಿಸಲಿಲ್ಲ. ಇಂದಿಗೂ ಹಿಡಿಸಿಲ್ಲ. ಆದರೆ ಮತ್ತೆ ಕೇಳಲಿಲ್ಲ.

ಈಗ ಮೂರನೆಯ ವರ್ಷ. ಗುಳಿಗೆ ನುಂಗುವುದು ಸುಲಭ, ನುಂಗಿದ ಮೇಲೆ ಬದುಕುವುದು ಅಷ್ಟು ಸುಲಭವಲ್ಲ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಒಮ್ಮೆಲೇ ಮೈಯೆಲ್ಲ ಬೆಂಕಿ ಹತ್ತಿದಂತಾಗುತ್ತದೆ. ರಾಯಚೂರು ಸೀಮೆಯ ಮೇ ತಿಂಗಳಿನಲ್ಲಿ ಯಾವ ಉರಿ ನನ್ನದು, ಯಾವುದು ಬಿಸಿಲಿನದು ಎಂದು ಹೇಳಲಾಗದು. ಕಚೇರಿಗೆ ಹೋಗುತ್ತೇನೆ. ಎರಡು ಪತ್ರ ಬರೆದ ಮೇಲೆ ಮೇಜಿಗೆ ತಲೆ ಕೊಡುತ್ತೇನೆ. ಹೆಸರಿನಲ್ಲಿ ದೀರ್ಘ ತಪ್ಪಿದರೆ ಈಗ ಪತ್ರ ಹರಿಯುವುದಿಲ್ಲ, ತಿದ್ದಿ ಸಹಿ ಮಾಡಿಸುತ್ತೇನೆ. ಊರಿನಲ್ಲಿ ಯಾರಾದರೂ ಆಸ್ಪತ್ರೆಯ ಕಾಗದ ತಂದರೆ, ಓದಿ ಹೇಳುವ ಮೊದಲು ಅವರ ಮನೆಯ ಹೆಂಗಸರನ್ನೂ ಕರೆಯಿರಿ ಎನ್ನುತ್ತೇನೆ. ಆ ಒಂದು ವಿಷಯದಲ್ಲಿ ಮಾತ್ರ ನಾನು ಯಾರಿಗೂ ಸಲಹೆ ಕೊಡಬಲ್ಲೆ.

ಈರಮ್ಮನ ಗಡ್ಡೆ ಕೀಮೋಗೆ ಪೂರ್ತಿ ಕರಗಿತ್ತು. ಒಂದು ಕಣವೂ ಉಳಿದಿರಲಿಲ್ಲ. ಅದಕ್ಕಿಂತ ಒಳ್ಳೆಯ ಲಕ್ಷಣ ಇಲ್ಲವೆಂದು ವೈದ್ಯರು ಹೇಳಿದ ದಿನ ಅವಳು ಕಾಯುವ ಕೋಣೆಯಲ್ಲಿದ್ದವರಿಗೆಲ್ಲ ಪೇಡೆ ಹಂಚಿದ್ದಳು. ನನಗೆ ಆ ಪೇಡೆ ತಿನ್ನುವಾಗ ಹೊಟ್ಟೆಕಿಚ್ಚಾಗಿತ್ತು. ಅದನ್ನೂ ಇಲ್ಲಿ ಬರೆಯಬೇಕು.

ಪ್ರತಿ ಸಲದಂತೆ ಕಳೆದ ತಿಂಗಳ ತಪಾಸಣೆಗೂ ಅವ್ವ ಜೊತೆಗೆ ಬಂದಿದ್ದಳು. ಕಾಯುವ ಕೋಣೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತು, ಸಾಲಾಗಿ ಕುಳಿತವರ ಮುಖಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಮಟಮಾರಿ ಈರಮ್ಮ ಬಂದಿಲ್ಲ" ಎಂದಳು.

ಅವಳ ತಪಾಸಣೆಯ ದಿನವೂ ಅದೇ ಆಗಿತ್ತು. ನರ್ಸನ್ನು ಕೇಳಿದೆ. ಅವರು ನನ್ನ ಫೈಲಿನತ್ತ ನೋಡುತ್ತ, ಕಾಯಿಲೆ ಮರಳಿ ಬಂದಿತ್ತೆಂದೂ ಯುಗಾದಿಗೆ ಮುಂಚೆಯೇ ತೀರಿಕೊಂಡಳೆಂದೂ ಸಣ್ಣ ದನಿಯಲ್ಲಿ ಹೇಳಿದರು. ಅವ್ವ ಈರಮ್ಮ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಲಿಲ್ಲ, ನನ್ನನ್ನೂ ಕೂರಲು ಬಿಡಲಿಲ್ಲ. ನಾವಿಬ್ಬರೂ ಗೋಡೆಗೆ ಒರಗಿ ನಿಂತೆವು.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಕೈ ಚಾಚಿದಳು. "ಗುಳಿಗಿ ತೋರ್ಸು."

"ನುಂಗೀನವ್ವ."

"ತೋರ್ಸು ಅಂದೆ."

ಚೀಲದಿಂದ ಗುಳಿಗೆಯ ಹಾಳೆ ತೆಗೆದು ಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಅಂದು ಆ ಡಬ್ಬಿಯನ್ನು ಹಿಡಿದು ನೋಡಿದ ಹಾಗೆಯೇ ಇರಬೇಕು. ಎಣಿಸಲಿಲ್ಲ. ಉಳಿದವುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಹೋಗಿ ಹರಿದ ಒಂದು ಖಾಲಿ ಗೂಡಿನ ಬಳಿ ನಿಲ್ಲಿಸಿದಳು.

"ನಿನ್ನಿ ಇದು ಇಲ್ಲೇ ಇತ್ತು" ಎಂದಳು. "ಇವತ್ತು ಇಲ್ಲ. ಛಲೋ ಆತು."

ಒಳಗಿನಿಂದ ನನ್ನ ಹೆಸರು ಕೂಗಿದರು.